ಪಕ್ಕದ ಗುಡಾರದ ಚೀಟಿ

ಅಕ್ಟೋಬರ್ ೩೦

ಅಕ್ಕ,

ಫೋನು ಮಾಡಿದರೆ ನೀವು ಎತ್ತುತ್ತಿಲ್ಲ. ತಪ್ಪು ಅನ್ನುತ್ತಿಲ್ಲ, ನಾನಾಗಿದ್ದರೂ ಎತ್ತುತ್ತಿರಲಿಲ್ಲವೇನೋ. ಹಬ್ಬ ಮುಗಿದು ಗುಡಾರ ಬಿಚ್ಚುವ ಗಡಿಬಿಡಿಯಲ್ಲಿ ನಿಮ್ಮ ಗುಂಡುವಿನ ಹಳದಿ ಟೋಪಿ ನಮ್ಮ ಚಾಪೆಯೊಳಗೆ ಸುತ್ತಿಕೊಂಡು ಬಂದುಬಿಟ್ಟಿದೆ. ಒಗೆದು ಇದರ ಜೊತೆ ಇಟ್ಟಿದ್ದೇನೆ. ಎಂಟು ತಿಂಗಳ ಮಗುವಿನ ತಲೆ ದಿನಕ್ಕೊಂದು ಅಳತೆ ಬೆಳೆಯುತ್ತದೆ ಅಂತ ನೀವೇ ಹೇಳುತ್ತಿದ್ದಿರಿ. ಹಿಡಿಸುತ್ತದೋ ಇಲ್ಲವೋ.

ನಮ್ಮ ಪುಟ್ಟಿಗೆ ಆರು ತಿಂಗಳು ತುಂಬಿತು. ಅವಳು ಮಲಗುವುದಿಲ್ಲ, ನಾನೂ ಮಲಗುವುದಿಲ್ಲ. ಅವಳು ಅಪ್ಪಿತಪ್ಪಿ ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿರುತ್ತೇನೆ. ಕನ್ನಡಕದ ಅಂಗಡಿಯಿಂದ ಬರುವ ಇವರು, "ನಿನ್ನ ಕಣ್ಣು ಮುಚ್ಚಿದ್ದು ನೋಡಿ ಎಷ್ಟು ದಿನ ಆಯ್ತೇ, ರೆಪ್ಪೆ ಇದೆಯೋ ಉದುರಿಹೋಯ್ತೋ ತೋರಿಸು" ಅಂತ ತಮಾಷೆ ಮಾಡುತ್ತಾರೆ.

ರೆಪ್ಪೆ ಮುಚ್ಚಿದರೆ ಪಾಳೆಯವೇ ಕಣ್ಣ ಮುಂದೆ ಬರುತ್ತದೆ. ನಿಮಗೆ ಗೊತ್ತಿದ್ದದ್ದೇ, ಆದರೂ ಬರೆಯುತ್ತೇನೆ. ಬರೆದರೆ ತಲೆಯೊಳಗೆ ತಿರುಗುವುದು ನಿಂತೀತು. ಆ ಬಯಲು, ಮೂವತ್ತಾರು ಗುಡಾರ, ಮೇಲೆ ಹಸಿರು ಸೊಪ್ಪಿನ ಹೊದಿಕೆ, ಆಕಾಶ ಕಾಣುವಷ್ಟು ಸಂದಿ ಬಿಡಬೇಕೆಂಬ ಪಾಸ್ಟರ ಕಟ್ಟಪ್ಪಣೆ. ಇಸ್ರಾಯೇಲ್ಯರು ಅರಣ್ಯದಲ್ಲಿ ನಲವತ್ತು ವರ್ಷ ಗುಡಾರಗಳಲ್ಲಿ ಕಳೆದದ್ದನ್ನು ನಮ್ಮ ಸಭೆಯವರು ಪರ್ಣಶಾಲೆಗಳ ಹಬ್ಬದಲ್ಲಿ ಏಳು ದಿನ ಬದುಕಿ ನೆನೆಯಬೇಕು. ಮೊದಲ ದಿನವೇ ನೀವು ಬಕೆಟ್ಟಿನಲ್ಲಿ ಗುಂಡುವಿನ ಬಟ್ಟೆ ಹಿಂಡುತ್ತಾ, "ನಲವತ್ತು ವರ್ಷ ಅಂತಾರೆ, ಆದ್ರೆ ಮಗು ಬಟ್ಟೆ ಯಾರು ಒಗೆದ್ರು ಅಂತ ಎಲ್ಲೂ ಬರ್ದಿಲ್ವಲ್ಲೇ. ಬರೆದೋರು ಗಂಡಸರು ನೋಡು!" ಅಂದಿರಿ. ನಾನು ಎಷ್ಟು ತಿಂಗಳ ಮೇಲೆ ನಕ್ಕೆನೋ. ಆ ಪಾಳೆಯದಲ್ಲಿ ಕೈಗೂಸು ಇದ್ದವರು ನಾವಿಬ್ಬರೇ. ನಮ್ಮ ನಡುವೆ ಒಂದು ಬಟ್ಟೆಯ ಗೋಡೆ.

ಆರನೆಯ ದಿನ ಮಧ್ಯಾಹ್ನ ನೆರೆಯವರ ಚೀಟಿ. ನಮ್ಮವರ ಈ ಪದ್ಧತಿ ಬೇರೆ ಯಾವ ಸಭೆಯಲ್ಲೂ ಇಲ್ಲವಂತೆ. ಆ ದಿನ ಯಾರೂ ತಮಗಾಗಿ ಬೇಡುವ ಹಾಗಿಲ್ಲ. ಪಕ್ಕದ ಗುಡಾರದವರ ಭಾರವನ್ನು ಹೆಸರಿಲ್ಲದೆ ಬರೆದು ಬುಟ್ಟಿಗೆ ಹಾಕಬೇಕು. ಪಾಸ್ಟರಮ್ಮ ಒಂದೊಂದಾಗಿ ಓದುತ್ತಾರೆ, ಎಲ್ಲರೂ ಅದಕ್ಕಾಗಿ ಪ್ರಾರ್ಥಿಸುತ್ತಾರೆ. ಮಂಡಿನೋವು, ಮಗಳ ಪರೀಕ್ಷೆ, ಕೆಲಸ ಹೋದ ಅಳಿಯ, ಇಂಥವೇ ಬರುತ್ತಿದ್ದವು. ಆಮೇಲೆ ಆ ಚೀಟಿ ಬಂತು.

"ಈ ಪಾಳೆಯದಲ್ಲಿ ಒಬ್ಬ ತಾಯಿ ಇದ್ದಾಳೆ. ಮಗು ಅತ್ತರೆ ಅವಳಿಗೆ ಕರುಳು ಚುರುಕ್ ಅನ್ನುವುದಿಲ್ಲ. ಒಂದು ದಿನ ಮಗುವನ್ನು ಒಳಗೆ ಬಿಟ್ಟು, ಬೀಗ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿ ಕೂತಳು. ಬಸ್ಸು ಹತ್ತಿದ್ದರೆ ತಿರುಗಿ ಬರುತ್ತಿರಲಿಲ್ಲ. ಅವಳನ್ನು ಯಾರಾದರೂ ಹಿಡಿದುಕೊಳ್ಳಲಿ."

ಎಲ್ಲರೂ ನಿಮ್ಮ ಕಡೆ ತಿರುಗಿದರು. ಎರಡು ದಿನದ ಹಿಂದಷ್ಟೇ ನೀವು ನಲ್ಲಿಯ ಹತ್ತಿರ ಗುಂಡುವನ್ನು ಎತ್ತಿ ಹಿಡಿದು, "ಯಾರಿಗಾದ್ರೂ ಮಗು ಬೇಕಾ? ತಗೊಂಡೋರಿಗೆ ಹೊದಿಕೆ ಉಚಿತ!" ಅಂತ ಕೂಗಿದ್ದು ಎಲ್ಲರಿಗೂ ನೆನಪಿತ್ತು. ನೀವು ಎದ್ದು ನಿಂತು "ನಾನಲ್ಲ" ಅಂದಿರಿ. ಜೋರಾಗಿ ಅಂದಿರಿ. ಪಾಸ್ಟರಮ್ಮ ಬಂದು ನಿಮ್ಮನ್ನು ತಬ್ಬಿಕೊಂಡು, ಗುಂಡುವನ್ನು ನಿಮ್ಮ ತೋಳಿನಿಂದ ಬಿಡಿಸಿಕೊಂಡರು.

ಅದನ್ನು ಯಾರು ಬರೆದರೋ ಏನೋ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದಿನವೂ ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ.

ನಿಮ್ಮ ಪ್ರೀತಿಯ
ಪುಸ್ತಕದಮ್ಮ


ನವೆಂಬರ್ ೮

ಪುಸ್ತಕದಮ್ಮನಿಗೆ,

ಟೋಪಿ ಬಂತು. ಹಾಕಕ್ಕೆ ತಲೆ ಇಲ್ಲಿಲ್ಲ.

ಹಬ್ಬದಿಂದ ಬಂದ ಮಾರನೇ ದಿನವೇ, ಪಾಸ್ಟರಮ್ಮನ ಮಾತು ಕೇಳಿ, ನಮ್ಮತ್ತೆ ಬಂದು ಗುಂಡುನ ಕರ್ಕೊಂಡು ಹೋದರು. ಅವರ ಊರು ಎರಡು ಗಂಟೆ ದಾರಿ. "ನೀನು ಸುಧಾರಿಸ್ಕೋ, ಆಮೇಲೆ ನೋಡೋಣ" ಅಂತ. ನನ್ನ ಗಂಡ ಲಾರಿ ತಗೊಂಡು ಯಾವ ರಸ್ತೆಯಲ್ಲಿದ್ದಾನೋ, ಫೋನಲ್ಲಿ "ಅಮ್ಮ ಹೇಳೋದ್ರಲ್ಲಿ ತಪ್ಪೇನಿದೆ, ನಿನಗೂ ರೆಸ್ಟ್ ಆಗುತ್ತೆ" ಅಂದ. ಭಾನುವಾರ ಹೋಗಿ ನೋಡ್ಕೊಂಡು ಬರ್ತೀನಿ. ನೋಡೋವಾಗ ಯಾರಾದರೂ ಒಬ್ಬರು ರೂಮಲ್ಲಿ ಇರ್ತಾರೆ. ಹಾಲು ತುಂಬಿ ಎದೆ ಕಟ್ಟಿಕೊಂಡು ಕಲ್ಲಾಗಿತ್ತು. ಬಚ್ಚಲಲ್ಲಿ ಹಿಂಡಿ ಚೆಲ್ಲಿದೆ. ಅದನ್ನೂ ನಿನಗೆ ಬರೀತಿದ್ದೀನಿ, ಯಾಕಂದ್ರೆ ನಿನಗೆ ಗೊತ್ತಾಗಬೇಕು.

ಸಭೆಯ ಹೆಂಗಸರು ಇಬ್ಬಿಬ್ಬರಾಗಿ ಬರ್ತಾರೆ. ಬಂದು ಕೂರ್ತಾರೆ. ಮೊನ್ನೆ ನನ್ನ ಕತ್ತರಿಗಳನ್ನೆಲ್ಲಾ ಎತ್ತಿ ಮೇಲೆ ಇಟ್ಟಿದ್ದಾರೆ, "ಸುಮ್ನೆ ಮುನ್ನೆಚ್ಚರಿಕೆಗೆ" ಅಂತ. ಸ್ಕೂಲ್ ಯೂನಿಫಾರ್ಮ್ ನಲವತ್ತು ಜೊತೆ ಕೊಡಬೇಕು. ಟೈಲರ್ ಮನೇಲಿ ಕತ್ತರಿ ಬಚ್ಚಿಟ್ಟರೆ ನಾನೇನು ಹಲ್ಲಲ್ಲಿ ಬಟ್ಟೆ ಕತ್ತರಿಸಲಾ? ಕೂಗಾಡಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ನಾನು ಎಷ್ಟು ಕೂಗ್ತೀನೋ ಅಷ್ಟು ನಂಬ್ತಾರೆ.

ಈಗ ನಿನ್ನ ಮಾತು. "ಯಾರು ಬರೆದರೋ ಏನೋ" ಅಂತ ಬರೆದಿದ್ದೀಯ. ನನ್ನ ಗುಡಾರದ ಬಲಗಡೆ ನೀರಿನ ಟ್ಯಾಂಕು. ಎಡಗಡೆ ನೀನು. ಟ್ಯಾಂಕಿಗೆ ಬರೆಯಕ್ಕೆ ಬರಲ್ಲ.

ನಾನು ನಿನಗೆ ಏನು ಮಾಡಿದ್ದೆ? ನಿನ್ನ ಪುಟ್ಟೀನ ದಿನಕ್ಕೆರಡು ಗಂಟೆ ಎತ್ಕೊಂಡು ತಿರುಗಿದ್ದೆ, ನೀನು ಮಲಗಲಿ ಅಂತ. ಅದಕ್ಕೆ ಇಂಥ ಕತೆ ಕಟ್ಟಿದೆಯಾ? ಬೀಗ ಅಂತೆ, ಬಸ್ ನಿಲ್ದಾಣ ಅಂತೆ. ಓದಿದೋರಿಗೆ ಕತೆ ಚೆನ್ನಾಗಿ ಬರುತ್ತೆ.

ಪ್ರಾರ್ಥನೆ ನಿಲ್ಲಿಸು.

ಕತ್ತರಿ


ನವೆಂಬರ್ ೧೯

ಅಕ್ಕ,

ನಿಮ್ಮ ಕಾಗದ ಬಂದು ಎಂಟು ದಿನವಾಯಿತು. ಬರೆದು ಹರಿದದ್ದು ನಾಲ್ಕು. ಇದು ಐದನೆಯದು, ಇದನ್ನು ಹರಿಯುವ ಮೊದಲು ಲಕೋಟೆಗೆ ಹಾಕಿಬಿಡುತ್ತೇನೆ. ಫೋನು ಬೇಡ. ನಿಮ್ಮ ದನಿ ಕೇಳಿದರೆ ನನ್ನ ಬಾಯಿಗೆ ಮತ್ತೆ ಸುಳ್ಳೇ ಬರುತ್ತದೆ.

ಚೀಟಿ ಬರೆದದ್ದು ನಾನು. ಆದರೆ ಅದು ನಿಮ್ಮ ಬಗ್ಗೆ ಅಲ್ಲ.

ಆಗಸ್ಟ್ ತಿಂಗಳ ಒಂದು ಮಂಗಳವಾರ. ಪುಟ್ಟಿ ಬೆಳಿಗ್ಗೆ ಐದರಿಂದ ಅಳುತ್ತಿದ್ದಳು. ಹಾಲು ಕೊಟ್ಟೆ, ಬಟ್ಟೆ ಬದಲಾಯಿಸಿದೆ, ಎತ್ತಿಕೊಂಡು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆದೆ. ಇವರು ಒಂಬತ್ತಕ್ಕೆ ಅಂಗಡಿಗೆ ಹೋದರು. ಹತ್ತೂವರೆಯ ಹೊತ್ತಿಗೆ ಅವಳ ಅಳು ನನಗೆ ಮಗುವಿನ ಅಳುವಾಗಿ ಕೇಳುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಗೋಡೆ ಕೊರೆಯುತ್ತಾರಲ್ಲ, ಹಾಗೆ. ಅವಳನ್ನು ಹಾಸಿಗೆಯ ನಡುವೆ ಮಲಗಿಸಿ, ಎರಡೂ ಕಡೆ ದಿಂಬು ಇಟ್ಟೆ. ಚಪ್ಪಲಿ ಬೇಡ ಅಂತ ಶೂ ಹಾಕಿಕೊಂಡೆ. ಕೈಚೀಲ ತೆಗೆದುಕೊಂಡೆ, ಅದರಲ್ಲಿ ಒಂದು ಜೊತೆ ಬಟ್ಟೆ ಇಟ್ಟೆ. ಬೀಗ ಹಾಕಿ ಮೂರು ಮಹಡಿ ಇಳಿದೆ. ಇದೆಲ್ಲವನ್ನೂ ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರ್ ಹಾಕುತ್ತಿದ್ದೆನಲ್ಲ, ಅಷ್ಟೇ ನಿಧಾನವಾಗಿ, ತಪ್ಪಿಲ್ಲದೆ ಮಾಡಿದೆ.

ನಿಲ್ದಾಣದಲ್ಲಿ ಕೂತೆ. ಎರಡು ಬಸ್ಸು ಬಂದು ಹೋದವು. ಎಷ್ಟು ನಿಶ್ಶಬ್ದವಾಗಿತ್ತು ಗೊತ್ತಾ ಅಕ್ಕ, ಅಷ್ಟು ಗಾಡಿಗಳ ನಡುವೆ. ಮೂರನೆಯದಕ್ಕೆ ಕಾಲಿಟ್ಟೆ. ಕಂಡಕ್ಟರ್ "ಎಲ್ಲಿಗಮ್ಮಾ?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿದ್ದಿದ್ದರೆ ಹೋಗಿಬಿಡುತ್ತಿದ್ದೆ. ಕಾಲು ಕೆಳಗಿಟ್ಟೆ, ಓಡಿದೆ. ಅವಸರದಲ್ಲಿ ತಿರುಗಿಸಿದ್ದಕ್ಕೆ ಬೀಗದ ಕೈ ಬೀಗದಲ್ಲೇ ಮುರಿಯಿತು. ಒಳಗೆ ಅವಳು. ಹೊರಗೆ ನಾನು. ರಸ್ತೆ ತುದಿಯ ಬೀಗ ರಿಪೇರಿಯವನನ್ನು ಕರೆತಂದೆ. ಅವನು ತಂತಿ ಹಾಕಿ ತಿರುಗಿಸುತ್ತಾ, "ಒಳಗೆ ಮಗು ಬಿಟ್ಟು ಹೋಗಿದ್ರಾ?" ಅಂದ. "ಕಸ ಹಾಕಕ್ಕೆ ಇಳಿದಿದ್ದೆ" ಅಂದೆ. ಅವನು ನನ್ನ ಶೂ ನೋಡಿದ, ಕೈಚೀಲ ನೋಡಿದ. ನಲವತ್ತು ನಿಮಿಷ ಅವಳೊಬ್ಬಳೇ ಅತ್ತಿದ್ದಳು.

ಇವರಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಪಾಳೆಯದಲ್ಲಿ ಆ ಬುಟ್ಟಿ ನೋಡಿದಾಗ ಹೇಳಿಬಿಡೋಣ ಅನ್ನಿಸಿತು. ತನಗಾಗಿ ಬೇಡುವ ಹಾಗಿಲ್ಲವಲ್ಲ, ಅದಕ್ಕೇ "ಅವಳು" ಅಂತ ಬರೆದೆ. ಕಾಲೇಜು ಓದಿದ ನನ್ನ ತಲೆಗೆ ಒಂದು ಮಾತು ಹೊಳೆಯಲಿಲ್ಲ: ಎಲ್ಲರೂ ನೆರೆಯವರ ಬಗ್ಗೆ ಬರೆಯುವ ಬುಟ್ಟಿಯಲ್ಲಿ, ನಾನು ಬರೆದದ್ದೂ ನೆರೆಯವರ ಬಗ್ಗೆಯೇ ಆಗುತ್ತದೆ.

ಅಲ್ಲಿಯವರೆಗಿನದು ತಪ್ಪು. ಮುಂದಿನದಕ್ಕೆ ನನ್ನ ಹತ್ತಿರ ಹೆಸರಿಲ್ಲ. ನೀವು "ನಾನಲ್ಲ" ಅಂತ ಕೂಗಿದಾಗ ನಾನು ಮೂರು ಮಾರು ದೂರದಲ್ಲಿ ಕೂತಿದ್ದೆ. ಪುಟ್ಟಿ ತೊಡೆಯ ಮೇಲಿದ್ದಳು. "ನಾನು" ಅಂತ ಎರಡಕ್ಷರ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆಗ ಪಾಸ್ಟರಮ್ಮ ನಿಮ್ಮ ಕೈಯಿಂದ ಗುಂಡುವನ್ನು ತೆಗೆದುಕೊಂಡರು. ಹೇಳಿದರೆ ನನ್ನದನ್ನೂ ತೆಗೆದುಕೊಳ್ಳುತ್ತಾರೆ ಅಂತ ಪುಟ್ಟಿಯನ್ನು ಅವುಚಿಕೊಂಡು ಕೂತೆ. ಬಿಟ್ಟುಹೋಗಲು ಹೊರಟಿದ್ದವಳು.

ಇನ್ನೊಂದಿದೆ. ಬರೆಯದೆ ಇದ್ದರೆ ನಿಮಗೆ ಗೊತ್ತಾಗುವುದಿಲ್ಲ, ಆದರೂ ಬರೆಯುತ್ತೇನೆ. ನಿಮ್ಮನ್ನು ಗುಡಾರದಲ್ಲಿ ಮಲಗಿಸಿ, ಇಬ್ಬರು ಕಾಲು ಒತ್ತುತ್ತಾ, ಇನ್ನಿಬ್ಬರು ಗುಂಡುವನ್ನು ಆಡಿಸುತ್ತಾ ಇದ್ದರಲ್ಲ, ಬಟ್ಟೆಯ ಗೋಡೆಯ ಈಚೆಯಿಂದ ಅದೆಲ್ಲ ಕೇಳುತ್ತಿತ್ತು. ನೀವು ಬೈಯುತ್ತಿದ್ದಿರಿ. ನನಗೆ ಹೊಟ್ಟೆಕಿಚ್ಚಾಯಿತು. ನಾನು ಬೇಡಿದ್ದು ನಿಮಗೆ ಸಿಕ್ಕಿತಲ್ಲ ಅಂತ.

ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ಕ್ಷಮಿಸಿ.

ಪುಸ್ತಕದಮ್ಮ ಅಂತ ಕರೆಸಿಕೊಳ್ಳಲು ಲಾಯಕ್ಕಿಲ್ಲದವಳು


ನವೆಂಬರ್ ೨೬

ಓದಿದೆ. ಎರಡು ಸಲ ಓದಿದೆ.

ನನ್ನ ಕ್ಷಮೆ ಇಟ್ಕೊಂಡು ಏನು ಮಾಡ್ತೀಯ? ನಾನು ಕ್ಷಮಿಸಿದರೆ ಗುಂಡು ಬರ್ತಾನಾ? ನನಗೆ ಬರೆದರೆ ನಿನಗೆ ಹಗುರ ಆಗುತ್ತೆ, ಅಷ್ಟೇ. ಆ ಚೀಟಿ ನನ್ನದಲ್ಲ ಅಂತ ನನಗೆ ಮೊದಲೇ ಗೊತ್ತಿತ್ತಲ್ಲೇ! ಗೊತ್ತಿಲ್ಲದೋರಿಗೆ ಹೇಳು.

ಪಾಸ್ಟರಮ್ಮನಿಗೆ ಹೇಳು. ನಮ್ಮತ್ತೆ ಅವರ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ.

ನಿನ್ನ ಈ ಕಾಗದಾನೇ ತಗೊಂಡು ಹೋಗಿ ತೋರಿಸಬಹುದು. ತೋರಿಸಲ್ಲ. ನೀನೇ ಹೇಳಬೇಕು.

ಕತ್ತರಿ


ಡಿಸೆಂಬರ್ ೧೬

ಅಕ್ಕ,

ಹೇಳಿದೆ. ಹೇಳಿದ್ದು ಹೇಳದೆ ಇದ್ದದ್ದಕ್ಕಿಂತ ಕೆಟ್ಟದಾಯಿತು.

ಪಾಸ್ಟರಮ್ಮನ ಮನೆಗೆ ಮೊನ್ನೆ ಶನಿವಾರ ಹೋದೆ. ಅವರು ಹಾಡಿನ ಪುಸ್ತಕಗಳಿಗೆ ರಟ್ಟು ಹಾಕುತ್ತಾ ಕೂತಿದ್ದರು. ನನಗೂ ಒಂದು ಕಟ್ಟು ಕೊಟ್ಟರು. ಗೋಂದು ಹಚ್ಚುತ್ತಲೇ ಹೇಳಿದೆ. "ಅಮ್ಮ, ಆ ಚೀಟಿಯ ತಾಯಿ ನಾನು."

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಕಣ್ಣು ತುಂಬಿ ಬಂತು. "ಕಂದಾ," ಅಂದರು, "ನಿನ್ನ ಮನಸ್ಸು ನನಗೆ ಗೊತ್ತಿಲ್ವಾ? ಅವಳ ಮೇಲಿನ ಅಪವಾದ ನೀನು ಹೊತ್ಕೊಳ್ಳಕ್ಕೆ ಬಂದಿದ್ದೀಯ."

"ಇಲ್ಲಮ್ಮ, ನಿಜವಾಗಲೂ ನಾನೇ."

"ಆ ಚೀಟಿ ಬರೆದೋಳು ನೀನು ಅಂತ ನನಗೂ ಗೊತ್ತು, ಅಕ್ಷರ ನೋಡಿದೆ. ಅವಳ ಕಷ್ಟ ಕಂಡು ಬರೆದೆ. ಅದರಿಂದ ಅವಳಿಗೆ ಹೀಗಾಯ್ತಲ್ಲಾ ಅಂತ ಈಗ ಸಂಕಟಪಡ್ತಿದ್ದೀಯ. ನೀನು ಒಳ್ಳೇದೇ ಮಾಡಿದ್ದು. ನೀನು ಬರೀದೇ ಇದ್ದಿದ್ರೆ ಆ ಮಗುವಿನ ಗತಿ ಏನಾಗ್ತಿತ್ತು?"

ಅಕ್ಕ, ನಾನು ಇನ್ನೂ ಎರಡು ಸಲ ಹೇಳಿದೆ. ಬಸ್ಸಿನ ಮಾತು ತೆಗೆದೆ. ಅವರು ನನ್ನ ತಲೆ ಸವರಿದರು. "ನಿದ್ದೆ ಇಲ್ಲದೆ ಹೀಗಾಗಿದ್ದೀಯ. ನೀನು ಇರುವೇನೂ ತುಳಿಯೋಳಲ್ಲ." ಆಮೇಲೆ ನಾನು ಸುಮ್ಮನಾದೆ. ನಿಜ ಹೇಳುತ್ತೇನೆ, ಸುಮ್ಮನಾದಾಗ ಒಂದು ಕ್ಷಣ ಹಾಯೆನಿಸಿತು. ಹೇಳಿದ್ದೂ ಆಯಿತು, ಉಳಿದದ್ದೂ ಆಯಿತು ಅಂತ.

ನಿನ್ನೆ ಆರಾಧನೆಯಲ್ಲಿ ಪಾಸ್ಟರು ಹೆಸರೆತ್ತದೆ, ಒಬ್ಬಳು ಸಹೋದರಿ ಇನ್ನೊಬ್ಬಳ ಅವಮಾನವನ್ನು ತನ್ನದೆಂದು ಹೊರಲು ಮುಂದೆ ಬಂದ ಕತೆ ಹೇಳಿದರು. ಎಲ್ಲರೂ ನನ್ನತ್ತ ತಿರುಗಿದರು. ಇವರು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅದುಮಿದರು. ಹೆಮ್ಮೆಯಿಂದ. ಆ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ.

ಏನು ಮಾಡಲಿ ಹೇಳಿ.

ನಿಮ್ಮ ಎಡಗಡೆಯವಳು


ಡಿಸೆಂಬರ್ ೨೮

ಪಾಸ್ಟರು ಮಾಡಿದ ಪ್ರಸಂಗದ ಸುದ್ದಿ ನನಗೂ ಬಂತು. ಜೋಡಿಯಲ್ಲಿ ಬಂದಿದ್ದ ದಪ್ಪ ಕನ್ನಡಕದಾಕೆ ಹೇಳಿದಳು, "ಎಂಥಾ ಸ್ನೇಹಿತೆ ಸಿಕ್ಕಿದ್ದಾಳೆ ನಿಂಗೆ, ಪುಣ್ಯವಂತೆ ನೀನು." ನಕ್ಕೆ. ನಗು ನಿಲ್ಲಲೇ ಇಲ್ಲ. ಅದನ್ನೂ ಹೋಗಿ ಅತ್ತೆಗೆ ಹೇಳಿದ್ದಾರೆ.

ಭಾನುವಾರ ಹೋದಾಗ ಗುಂಡು ಮಂಚ ಹಿಡ್ಕೊಂಡು ಎದ್ದು ನಿಂತಿದ್ದ. "ಹೋದ ವಾರದಿಂದ ನಿಲ್ತಾನೆ" ಅಂದರು. ನಾನು ಕೈ ಚಾಚಿದೆ. ಅವನು ಅತ್ತೆಯ ಸೆರಗು ಹಿಡ್ಕೊಂಡ.

ಏನು ಮಾಡಲಿ ಅಂತ ನನ್ನ ಕೇಳ್ತೀಯಲ್ಲ, ನಾನು ನಿನ್ನ ತಾಯಿಯಾ? ಅಷ್ಟು ಒಳ್ಳೆಯವಳು ಅಂತ ಹೆಸರು ಮಾಡಿದ್ದೀಯ, ಆ ಹೆಸರು ಕಳ್ಕೊಳ್ಳೋ ದಾರಿ ನೀನೇ ಹುಡುಕ್ಕೋ.

ಇನ್ನು ಬರೀಬೇಡ, ಏನಾದರೂ ಆಗೋವರೆಗೂ.

ಕತ್ತರಿ


ಫೆಬ್ರವರಿ ೪

ಅಕ್ಕ,

ನೀವು ಹೇಳಿದಂತೆ ಇಷ್ಟು ದಿನ ಬರೆಯಲಿಲ್ಲ. ಈಗ ಬರೆಯುವ ಹೊತ್ತಿಗೆ ಗುಂಡು ನಿಮ್ಮ ಮನೆಗೆ ಬಂದಿರಬೇಕು. ನಿಮ್ಮತ್ತೆ ಏನೆಂದರೋ, ಎಷ್ಟು ಹೇಳಿದರೋ ಗೊತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೊದಲು ಇವರಿಗೆ ಹೇಳಿದೆ. ಮಧ್ಯಾಹ್ನ ಅಂಗಡಿಗೇ ಹೋದೆ, ಮನೆಯಲ್ಲಿ ಹೇಳಿದರೆ ಅಳುತ್ತೇನೆ, ಅತ್ತರೆ ಸಮಾಧಾನ ಮಾಡಿಬಿಡುತ್ತಾರೆ ಅಂತ. ಗಿರಾಕಿ ಇರಲಿಲ್ಲ. ಯಂತ್ರದಲ್ಲಿ ಗಾಜಿನ ಅಂಚು ಸವೆಸುತ್ತಿದ್ದರು. ಎಲ್ಲ ಹೇಳಿದೆ. ಅವರು "ನಿನಗೆ ಭ್ರಮೆ" ಅನ್ನಲಿಲ್ಲ. ಬಹಳ ಹೊತ್ತು ಗಾಜನ್ನೇ ತಿರುಗಿಸುತ್ತಾ ನಿಂತರು.

"ಬೀಗ ಬದಲಾಯಿಸಿದ್ದು ಅದಕ್ಕಾ?" ಅಂದರು.

"ಹೌದು."

"ತುಕ್ಕು ಹಿಡಿದಿತ್ತು ಅಂದಿದ್ದೆ."

"ಸುಳ್ಳು ಹೇಳಿದ್ದೆ."

ಗಾಜು ಅಳತೆಗಿಂತ ಹೆಚ್ಚು ಸವೆದುಹೋಗಿತ್ತು. ಅದನ್ನು ಕಸಕ್ಕೆ ಹಾಕಿ ಹೊಸದು ತೆಗೆದರು. "ಆ ಅಕ್ಕನ ಮಗು ಇನ್ನೂ ಅಲ್ಲೇ ಇದೆಯಾ?" ಅಂತ ಕೇಳಿದರು. ಇದೆ ಅಂದೆ. ಅಂಗಡಿಗೆ ಬಾಗಿಲು ಹಾಕಿದರು. ಪುಟ್ಟಿಯನ್ನು ಎತ್ತಿಕೊಂಡು ಅವತ್ತೇ ನಿಮ್ಮತ್ತೆಯ ಊರಿಗೆ ಹೊರಟೆವು.

ನಿಮ್ಮತ್ತೆ ನನ್ನನ್ನು ಬಾಯ್ತುಂಬ ನಕ್ಕು ಬರಮಾಡಿಕೊಂಡರು. ಪ್ರಸಂಗದ ಸಹೋದರಿ ಅಲ್ಲವೇ ನಾನು! ಗುಂಡು ಚಾಪೆಯ ಮೇಲೆ ಡಬ್ಬಿಯ ಮುಚ್ಚಳಗಳನ್ನು ಬಡಿಯುತ್ತಿದ್ದ. ನಾನು ಹೇಳಲು ಶುರು ಮಾಡಿದೆ. ಅವರು ಪಾಸ್ಟರಮ್ಮನ ಹಾಗೆಯೇ ತಲೆ ಅಲ್ಲಾಡಿಸಿದರು. "ಪಾಪ, ಅವಳಿಗೋಸ್ಕರ ಎಷ್ಟು ಒದ್ದಾಡ್ತೀಯವ್ವಾ."

ಈ ಸಲ ಸುಮ್ಮನಾಗಲಿಲ್ಲ. ಕೈಚೀಲದ ಬಟ್ಟೆ ಹೇಳಿದೆ, ಕಂಡಕ್ಟರು ಕೇಳಿದ್ದು ಹೇಳಿದೆ, ಮುರಿದ ಬೀಗದ ಕೈ ಹೇಳಿದೆ. ರಿಪೇರಿಯವನ ಅಂಗಡಿ ಎಲ್ಲಿದೆ ಅಂತ ಹೇಳಿದೆ, ಬೇಕಾದರೆ ಕೇಳಿ ಅಂದೆ. ಇವರು ಪಕ್ಕದಿಂದ, "ಹೌದಮ್ಮ, ಬೀಗ ಬದಲಾಯಿಸಿದ್ವಿ" ಅಂದರು. ಅಷ್ಟೇ ಅಂದರು.

ನಿಮ್ಮತ್ತೆ ನಗು ನಿಲ್ಲಿಸಿ ಒಂದೇ ಒಂದು ಪ್ರಶ್ನೆ ಕೇಳಿದರು. "ಎಷ್ಟು ಹೊತ್ತು ಅತ್ತಿತು ಮಗು?"

"ನಲವತ್ತು ನಿಮಿಷ."

"ನೀನು ಅಲ್ಲಿರ್ಲಿಲ್ಲ. ನಿನಗೆ ಹೇಗೆ ಗೊತ್ತು?"

"ನಿಲ್ದಾಣದ ಗಡಿಯಾರ ನೋಡ್ತಾ ಕೂತಿದ್ದೆ ಅಮ್ಮ. ಇಷ್ಟು ಹೊತ್ತಿಗೆ ದನಿ ಬಿದ್ದುಹೋಗಿರುತ್ತೆ, ಇಷ್ಟು ಹೊತ್ತಿಗೆ ನಿಲ್ಲಿಸಿರ್ತಾಳೆ ಅಂತ. ನಿಲ್ಲಿಸಿರ್ಲಿಲ್ಲ."

ಅವರ ಮುಖ ಬದಲಾದದ್ದು ನಾನು ನೋಡಿದೆ. ಅವರು ಎದ್ದರು. ನೇರವಾಗಿ ಬಂದು ನನ್ನ ತೊಡೆಯಿಂದ ಪುಟ್ಟಿಯನ್ನು ಎತ್ತಿಕೊಂಡರು. ಒಲೆಯ ಹತ್ತಿರ ಹೋದ ಮಗುವನ್ನು ಎಳೆದುಕೊಳ್ಳುತ್ತಾರಲ್ಲ, ಹಾಗೆ. ನಾನು ಕೊಟ್ಟೆ. ಹಿಡಿದುಕೊಳ್ಳಲಿಲ್ಲ. ಅವರು ಒಂದು ಕಂಕುಳಲ್ಲಿ ಅವಳನ್ನು, ಇನ್ನೊಂದರಲ್ಲಿ ಗುಂಡುವನ್ನು ಇಟ್ಟುಕೊಂಡು ನಡುಮನೆಯಲ್ಲಿ ನಿಂತು, "ಅಯ್ಯೋ, ನನ್ನ ಸೊಸೆಗೆ ನಾನೇನು ಮಾಡಿದೆ" ಅಂದರು. ಈ ಮಾತನ್ನು ಅವರು ನಿಮ್ಮ ಮುಂದೆ ಹೇಳದೆ ಇರಬಹುದು. ಅದಕ್ಕೇ ಬರೆದೆ.

ಹೊರಡುವಾಗ ಪುಟ್ಟಿಯನ್ನು ನನ್ನ ಕೈಗೆ ಕೊಡಲಿಲ್ಲ, ಇವರ ಕೈಗೆ ಕೊಟ್ಟರು.

ಮುಂದಿನ ಭಾನುವಾರ ಅವರೇ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದರಂತೆ. ನಾನು ಹೋಗಿರಲಿಲ್ಲ. ಇವರು ಹೋಗಿದ್ದರು. ಬಂದು, "ಹೇಳಿದ್ರು" ಅಂದರು. ಈಗ ಇವರು ಅಂಗಡಿಗೆ ಹೋಗುವಾಗ ಪುಟ್ಟಿಯನ್ನು ಕರೆದುಕೊಂಡೇ ಹೋಗುತ್ತಾರೆ. ಕನ್ನಡಕದ ಡಬ್ಬಿಗಳ ನಡುವೆ ತೊಟ್ಟಿಲು ಇಟ್ಟಿದ್ದಾರೆ. ನಾನು ಬೇಡ ಅನ್ನುವುದಿಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಚಿಲಕ ಹಾಕಬೇಡ ಅನ್ನುತ್ತಾರೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಇದು ಹೆರಿಗೆಯ ನಂತರ ಬರುವ ಕಾಯಿಲೆ, ತುಂಬ ಜನಕ್ಕೆ ಬರುತ್ತದೆ, ಮಾತ್ರೆಯಿಂದ ವಾಸಿಯಾಗುತ್ತದೆ, ತಪ್ಪು ನಿಮ್ಮದಲ್ಲ ಅಂದರು ಆಕೆ. ತಪ್ಪು ನಿಮ್ಮದಲ್ಲ ಅಂದಾಗ ನಿಮ್ಮ ವಿಷಯ ಹೇಳೋಣ ಅಂತ ಬಾಯಿಗೆ ಬಂತು, ಹೊರಗೆ ಜನ ಕಾಯುತ್ತಿದ್ದರು.

ನಾಳೆಯಿಂದ ಸಭೆಯ ಹೆಂಗಸರು ಇಬ್ಬಿಬ್ಬರಾಗಿ ನಮ್ಮ ಮನೆಗೆ ಬರುತ್ತಾರಂತೆ, ಅವರಿದ್ದಾಗ ಪುಟ್ಟಿ ಮನೆಯಲ್ಲೇ ಇರಬಹುದಂತೆ. ದಪ್ಪ ಕನ್ನಡಕದಾಕೆ ಮೊದಲ ಪಾಳಿ. ಹೇಗೆ ಮುಖ ತೋರಿಸಲಿ?

ನಿಮ್ಮ ಎಡಗಡೆಯವಳು


ಮಾರ್ಚ್ ೨

ಗುಂಡು ಬಂದ. ಬಂದು ನಾಲ್ಕು ವಾರ ಆಯ್ತು. ಮೊದಲ ವಾರ ಬಾಗಿಲ ಕಡೆ ಕೈ ತೋರಿಸಿ ಅಜ್ಜಿ ಬೇಕು ಅಂತ ಅತ್ತ. ಈಗ ನನ್ನ ಮೆಷಿನ್ ಕೆಳಗೆ ಕೂತು ಚಿಂದಿ ಬಟ್ಟೆ ತಿಂತಾನೆ. ಎದೆ ಕುಡಿಯಲ್ಲ. ನನಗೂ ಹಾಲಿಲ್ಲ. ಒಂದು ದಿನ ಸುಮ್ಮನೆ ಎದೆಗೆ ಹಚ್ಚಿ ನೋಡಿದೆ, ಇದೇನು ಅನ್ನೋ ಹಾಗೆ ನನ್ನ ಮುಖ ನೋಡಿದ. ಅದು ಇನ್ನು ಬರಲ್ಲ.

ಅತ್ತೆ ಕ್ಷಮೆ ಕೇಳಲಿಲ್ಲ, ಕತ್ತರಿಗಳನ್ನ ತಾವೇ ಕುರ್ಚಿ ಹತ್ತಿ ಕೆಳಗಿಳಿಸಿ ಕೊಟ್ಟರು. ನೀನು ಬರೆದ ಮಾತು ಅವರು ನನ್ನೆದುರು ಹೇಳಿಲ್ಲ. ಬರೆದಿದ್ದು ಒಳ್ಳೇದಾಯ್ತು. ಪಾಸ್ಟರಮ್ಮ ಬಂದು ಅತ್ತರು. ನಾನು ಹೊಲೀತಾ ಇದ್ದೆ, ಹೊಲೀತಾನೇ ಇದ್ದೆ. ಬರೋ ವರ್ಷ ಪಾಳೆಯಕ್ಕೆ ಬಾ ಅಂದರು. ನನ್ನ ಮನೆ ಚಾವಣಿ ಸಿಮೆಂಟಿಂದು, ಇದರಡಿಯಲ್ಲೇ ಇರ್ತೀನಿ ಅಂದೆ.

ಡಾಕ್ಟರ್ ಹೇಳಿದ್ದು ಸರಿ. ಕಾಯಿಲೆಯ ಮಾತು ನೀನು ಬಸ್ ನಿಲ್ದಾಣಕ್ಕೆ ಹೋಗಿದ್ದಕ್ಕೆ. ನಾನು ಕೂಗ್ತಿದ್ದಾಗ ನೀನು ಬಾಯಿ ಮುಚ್ಕೊಂಡು ಕೂತಿದ್ದಕ್ಕೆ ಮಾತ್ರೆ ಇಲ್ಲ. ಎರಡನ್ನೂ ಒಂದೇ ಗಂಟು ಕಟ್ಟಬೇಡ. ಮೊದಲನೇದಕ್ಕೆ ನಾಚ್ಕೋಬೇಡ. ಎರಡನೇದಕ್ಕೆ ನಾಚ್ಕೋ.

ಕ್ಷಮಿಸಿದೆ ಅಂತ ಬರೆಯೋಣ ಅಂತಲೇ ಕೂತಿದ್ದು. ಕೈ ಬರಲಿಲ್ಲ. ಬಲವಂತದಿಂದ ಬರೆದರೆ ಓದಿದೋಳು ನೀನು, ಕಂಡುಹಿಡೀತೀಯ.

ಈಗ ಕೇಳು. ಜೋಡಿ ಜೋಡಿ ಬರ್ತಾರಲ್ಲ, ನನಗೆ ಅವರ ಪೂರ್ತಿ ಅನುಭವ ಇದೆ. ದಪ್ಪ ಕನ್ನಡಕದಾಕೆ ಒಳ್ಳೆಯವಳು, ಬಾಯಿ ಜಾಸ್ತಿ. ಅವಳ ಜೊತೆಗೆ ಬರೋ ಸಣ್ಣಕ್ಕ ಮಗು ಚೆನ್ನಾಗಿ ನೋಡ್ಕೋತಾಳೆ, ಪಾಳೆಯದಲ್ಲಿ ಗುಂಡುನ ಎತ್ಕೊಂಡಾಗ ನೋಡಿದ್ದೆ. ಗುರುವಾರದ ಜೋಡಿ ಬಂದಾಗ ಮಾತ್ರ ಪುಟ್ಟೀನ ನಿನ್ನ ಗಂಡನ ಜೊತೆ ಅಂಗಡಿಗೇ ಕಳಿಸು, ಅವರಿಬ್ಬರೂ ಮಾತಲ್ಲಿ ಮುಳುಗಿದರೆ ಮಗು ಬಿದ್ದರೂ ಗೊತ್ತಾಗಲ್ಲ. ಹೇಗೆ ಮುಖ ತೋರಿಸಲಿ ಅಂತ ಕೇಳಿದ್ದೀಯ. ತೋರಿಸಬೇಡ. ಬಾಗಿಲು ತೆಗಿ, ಮಗು ಕೊಡು, ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗು. ನನಗೆ ಅವರು "ಮಲಗು, ನಾವಿದ್ದೀವಿ" ಅಂದಾಗೆಲ್ಲಾ ಹಠಕ್ಕೆ ಎದ್ದು ಕೂರ್ತಿದ್ದೆ. ನನಗೆ ನಿದ್ದೆ ಬೇಕಿರಲಿಲ್ಲ. ನಿನಗೆ ಬೇಕು. ಅವಳು ಅತ್ತರೂ ಏಳಬೇಡ, ಮೂಗಿನ ಹತ್ತಿರ ಬೆರಳು ಹಿಡಿಯಕ್ಕೂ ಹೋಗಬೇಡ. ಅವಳ ಹತ್ತಿರ ಜನ ಇರ್ತಾರೆ.

ಎದ್ದ ಮೇಲೆ ಬರೀಬೇಕು ಅನ್ನಿಸಿದರೆ ಬರಿ. ಓದ್ತೀನಿ. ಉತ್ತರದ ಮಾತು ಈಗಲೇ ಹೇಳಲ್ಲ.

ಕತ್ತರಿ